ಕೂಗಳತೆಯ ನಿಗಾ: ಒಂಟಿಮನೆಗಳ ಊರಿನಲ್ಲಿ ನೆರೆಹೊರೆಯವರು ಒಬ್ಬರನ್ನೊಬ್ಬರು ನೋಡಿಕೊಳ್ಳುವ ವ್ಯವಸ್ಥೆ ಕಟ್ಟುವ ಬಗೆ

ಬಯಲುಸೀಮೆಯ ಊರುಗಳಲ್ಲಿ ಒಂದು ಮನೆಯ ಗೋಡೆಗೆ ಇನ್ನೊಂದು ಮನೆಯ ಗೋಡೆ ತಾಗಿಕೊಂಡಿರುತ್ತದೆ. ಪಕ್ಕದವರು ಕೆಮ್ಮಿದರೂ ಕೇಳಿಸುತ್ತದೆ. ಮಲೆನಾಡಿನ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಊರುಗಳು ಹಾಗಲ್ಲ. ಗುಡ್ಡದ ಮಗ್ಗುಲಲ್ಲಿ ಒಂದು, ಹಳ್ಳದಾಚೆ ಒಂದು, ತೋಟದ ತಲೆಯಲ್ಲಿ ಎರಡು ಎಂಬಂತೆ ಚದುರಿದ 12–15 ಮನೆಗಳಿಗೇ ಇಲ್ಲಿ ಊರೆನ್ನುತ್ತೇವೆ. ಹಿಂದೆ ಈ ದೂರವನ್ನು ಕೆಲಸವೇ ತುಂಬುತ್ತಿತ್ತು. ಮುಯ್ಯಾಳಿಗೆ ಹೋಗಬೇಕಿತ್ತು, ಡೇರಿಗೆ ಹಾಲು ಹಾಕಬೇಕಿತ್ತು, ರಾತ್ರಿ ಒಬ್ಬರ ಮನೆಯ ಚಪ್ಪರದಡಿ ಹತ್ತಾರು ಜನ ಕುಳಿತು ಅಡಿಕೆ ಸುಲಿಯಬೇಕಿತ್ತು. ಈಗ ಸುಲಿಯುವುದಕ್ಕೆ ಯಂತ್ರ ಬಂದಿದೆ, ಕೊಟ್ಟಿಗೆ ಖಾಲಿಯಾಗಿದೆ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಒಬ್ಬರ ಮುಖ ಒಬ್ಬರು ಮೂರು ದಿನ ನೋಡದಿದ್ದರೂ ಯಾರಿಗೂ ವಿಶೇಷವೆನಿಸುವುದಿಲ್ಲ.

ಕೆಲವು ವರ್ಷಗಳ ಹಿಂದೆ ಆಶ್ಲೇಷಾ ಮಳೆ ಹಿಡಿದ ಒಂದು ಬೆಳಿಗ್ಗೆ ನಮ್ಮೂರಿನ ಮೇಲಿನಮನೆ ಅಜ್ಜಿ ಬಚ್ಚಲಿನಲ್ಲಿ ಜಾರಿ ಬಿದ್ದರು. ಮನೆಯಲ್ಲಿ ಅವರೊಬ್ಬರೇ. ಮಗ ಬೆಂಗಳೂರಿನಿಂದ ಫೋನು ಮಾಡಿದರೂ ನೆಟ್‌ವರ್ಕ್ ಇಲ್ಲದ್ದರಿಂದ ತಾಗಲಿಲ್ಲ, ಮಳೆಗಾಲದಲ್ಲಿ ಇದು ಮಾಮೂಲು ಎಂದುಕೊಂಡು ಸುಮ್ಮನಾದ. ಕೆಳಗಿನಮನೆಯವರಾಗಲಿ ನಾವಾಗಲಿ ಏನನ್ನೂ ಗಮನಿಸಲಿಲ್ಲ. ಹತ್ತೂವರೆಯ ಹೊತ್ತಿಗೆ ತೋಟಕ್ಕೆ ಔಷಧಿ ಹೊಡೆಯಲು ಬಂದ ಹುಡುಗನೊಬ್ಬ, ‘ಅಜ್ಜಿ ಮನೆ ಬಚ್ಚಲು ಹೊಗೆ ಇವತ್ತು ಎದ್ದೇ ಇಲ್ವಲ್ಲ’ ಎಂದ. ಆಗ ಓಡಿದೆವು. ತಣ್ಣಗಿನ ನೆಲದ ಮೇಲೆ ಅವರು ನಾಲ್ಕು ತಾಸಿಗೂ ಹೆಚ್ಚು ಹೊತ್ತು ಬಿದ್ದಿದ್ದರು. ಸೊಂಟದ ಮೂಳೆ ಮುರಿದಿತ್ತು, ಜೀವ ಉಳಿಯಿತು.

ಆ ಹುಡುಗ ಕಂಡದ್ದು ಹೊಗೆಯನ್ನಲ್ಲ, ಹೊಗೆ ಇಲ್ಲದ್ದನ್ನು. ಕಣ್ಣೆದುರು ಆಗುವುದಕ್ಕೆ ಯಾರಾದರೂ ಓಡಿ ಬರುತ್ತಾರೆ, ಅದರಲ್ಲಿ ಮಲೆನಾಡಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆಗಬೇಕಾದದ್ದು ಆಗಲಿಲ್ಲ ಎಂಬುದನ್ನು ಗಮನಿಸುವುದಕ್ಕೆ ಮಾತ್ರ ಮೊದಲೇ ಮಾಡಿಕೊಂಡ ಒಂದು ಏರ್ಪಾಡು ಬೇಕು. ಅದನ್ನು ಕಟ್ಟುವ ಕ್ರಮವನ್ನು, ನಮ್ಮ 14 ಮನೆಗಳಲ್ಲಿ ಎಡವಿ ಕಲಿತಂತೆ, ಇಲ್ಲಿ ಬರೆದಿದ್ದೇನೆ.

ಮೊದಲ ಹಂತ: ಮನೆಮನೆಗೆ ನಡೆದು ಪುಸ್ತಕ ಮಾಡುವುದು

ಸಭೆ ಕರೆಯುವುದರಿಂದ ಆರಂಭಿಸಬೇಡಿ. ಸಭೆಗೆ ಬರುವವರು ಓಡಾಡುವ ಶಕ್ತಿಯಿದ್ದವರು. ನಿಗಾ ಬೇಕಾಗಿರುವುದು ಬರಲಾಗದವರಿಗೆ. ಇಬ್ಬರು, ಸಾಧ್ಯವಾದರೆ ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸು, ಮಳೆ ಹಿಡಿಯುವ ಮೊದಲು ಎರಡು ಸಂಜೆ ಬಿಡುವು ಮಾಡಿಕೊಂಡು ಪ್ರತಿ ಮನೆಗೂ ನಡೆದೇ ಹೋಗಬೇಕು. ದೀಪಾವಳಿಯ ರಾತ್ರಿ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ಹಾಡುತ್ತಾ ಮನೆಮನೆಗೆ ಹೋಗುವ ದಾರಿಯನ್ನೇ ಹಿಡಿದರೆ ಒಳ್ಳೆಯದು. ಕತ್ತಲೆಯಲ್ಲಿ ಯಾವ ಕಾಲುಸಂಕ ದಾಟಬಹುದು, ಯಾವ ದಣಪೆ (ಬೇಲಿಯ ಗೇಟು) ಒಳಗಿನಿಂದ ಬಿಗಿದಿರುತ್ತದೆ, ಯಾರ ಮನೆಯ ನಾಯಿ ಕಚ್ಚುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ, ಅಪಾಯದ ರಾತ್ರಿ ನಿಮಗೆ ಬೇಕಾಗುವುದೂ ಅದೇ ತಿಳಿವಳಿಕೆ.

ಒಂದು ದಪ್ಪ ರಟ್ಟಿನ ನೋಟ್‌ಬುಕ್ಕಿನಲ್ಲಿ ಮನೆಗೊಂದು ಪುಟ ಇಡಿ. ಆ ಪುಟದಲ್ಲಿ ರಾತ್ರಿ ಮನೆಯಲ್ಲಿ ಮಲಗುವವರು ಯಾರು ಯಾರು, ಎರಡು ಫೋನ್ ನಂಬರು, ಹೊರಗಿರುವ ಮಗನದೋ ಮಗಳದೋ ನಂಬರು, ತಪ್ಪಿಸಬಾರದ ಔಷಧಿಗಳ ಹೆಸರು, ಮನೆ ಬಾಗಿಲಿನವರೆಗೆ ಯಾವ ವಾಹನ ಬರುತ್ತದೆ ಎಂಬುದು ಇರಲಿ. ಕೊನೆಯದನ್ನು ಪರೀಕ್ಷಿಸಿಯೇ ಬರೆಯಬೇಕು. ‘ಜೀಪು ಬರುತ್ತದೆ’ ಎಂದು ಏಪ್ರಿಲ್ ತಿಂಗಳಲ್ಲಿ ಹೇಳಿದ ಮಾತು ಜುಲೈಗೆ ನಿಲ್ಲುವುದಿಲ್ಲ. ಆಂಬುಲೆನ್ಸ್ ನಿಲ್ಲುವ ಜಾಗದಿಂದ ಮನೆಗೆ ಎಷ್ಟು ದೂರ, ಅಷ್ಟು ದೂರ ರೋಗಿಯನ್ನು ಹೊತ್ತು ತರಲು ಕಂಬಳಿ-ಗಳದ ಡೋಲಿಯೋ ಕುರ್ಚಿಯೋ ಯಾರ ಮನೆಯಲ್ಲಿದೆ ಎಂಬುದನ್ನೂ ಸೇರಿಸಿ.

ಬರೆಯಬಾರದ್ದೂ ಇದೆ. ಸಾಲ, ಮನೆಯೊಳಗಿನ ಜಗಳ, ಯಾರು ಎಷ್ಟು ಕುಡಿಯುತ್ತಾರೆ, ಯಾವ ಮನೆಯಲ್ಲಿ ಎಷ್ಟು ಅಡಿಕೆ ದಾಸ್ತಾನಿದೆ ಎಂಬ ಯಾವುದೂ ಆ ಪುಸ್ತಕದೊಳಗೆ ಬರಕೂಡದು. ಪುಸ್ತಕ ಯಾರ ಕೈಗೆ ಸಿಕ್ಕರೂ ಯಾವ ಮನೆಯವರಿಗೂ ಮುಜುಗರವಾಗದಂತಿರಬೇಕು. ಒಂದು ಮನೆಯವರು ‘ನಮ್ಮದು ಬೇಡ’ ಎಂದರೆ ಆ ಪುಟವನ್ನು ಖಾಲಿ ಬಿಟ್ಟು ಮುಂದೆ ಹೋಗಿ. ನಮ್ಮಲ್ಲಿ ಎರಡು ಮನೆಯವರು ಹಾಗೆಂದಿದ್ದರು; ಮೊದಲ ಮಳೆಗಾಲ ಕಳೆದ ಮೇಲೆ ಇಬ್ಬರೂ ತಾವಾಗಿಯೇ ಬಂದು ಬರೆಸಿದರು.

ಎರಡನೆಯ ಹಂತ: ಜೋಡಿ ಮನೆ ಗೊತ್ತುಮಾಡುವುದು

‘ಎಲ್ಲರೂ ಎಲ್ಲರನ್ನೂ ನೋಡಿಕೊಳ್ಳೋಣ’ ಎಂದರೆ ಯಾರೂ ಯಾರನ್ನೂ ನೋಡಿಕೊಳ್ಳುವುದಿಲ್ಲ. ಪ್ರತಿ ಮನೆಗೂ ಎರಡು ಮನೆಗಳನ್ನು ಹೆಸರು ಹೇಳಿ ಗೊತ್ತುಮಾಡಬೇಕು. ಮೊದಲನೆಯದು ಕೂಗಳತೆಯ ಮನೆ, ಎಂದರೆ ಅಂಗಳದಲ್ಲಿ ನಿಂತು ‘ಕೂ’ ಹಾಕಿದರೆ ಕೇಳಿಸುವಷ್ಟು ಹತ್ತಿರದ್ದು. ಎರಡನೆಯದು ವಾಹನವೂ ಗಟ್ಟಿ ಆಳೂ ಇರುವ ಮನೆ; ಇದು ಸ್ವಲ್ಪ ದೂರವಿದ್ದರೂ ನಡೆಯುತ್ತದೆ. ಕೂಗಳತೆಯನ್ನು ಬೇಸಿಗೆಯ ಮಧ್ಯಾಹ್ನ ಅಳೆಯಬೇಡಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಅಂಥ ಮಳೆ ಹಂಚಿನ ಮೇಲೆ ಬೀಳುತ್ತಿದ್ದಾಗ ಐವತ್ತು ಮಾರು ದೂರದ ಕೂಗೂ ಕೇಳುವುದಿಲ್ಲ. ಅದಕ್ಕಾಗಿ ಕೂಗಿನ ಜೊತೆ ಒಂದು ಸೀಟಿಯನ್ನೋ ಜಾಗಟೆಯನ್ನೋ ಇಟ್ಟುಕೊಳ್ಳಬೇಕು. ಹೊತ್ತಲ್ಲದ ಹೊತ್ತಿನಲ್ಲಿ ಜಾಗಟೆ ಬಡಿದರೆ ಪೂಜೆಯಲ್ಲ, ಅಪಾಯ ಎಂದು ಎಲ್ಲರೂ ಒಪ್ಪಿಕೊಂಡರೆ ಸಾಕು.

ತೊಡಕು ಬರುವುದು ಹಳೆಯ ವ್ಯಾಜ್ಯಗಳಿಂದ. ಅತಿ ಹತ್ತಿರದ ಮನೆ ಬಹಳ ಸಲ ದಾಯಾದಿಯ ಮನೆಯೇ ಆಗಿರುತ್ತದೆ, ಅವರ ನಡುವೆ ಬೇಲಿಯ ಗಲಾಟೆಯೋ ಹರಿದು ಬರುವ ನೀರಿನ (ಹರಣಿ) ತಕರಾರೋ ಇರುತ್ತದೆ. ಅವರನ್ನು ರಾಜಿ ಮಾಡಿಸುವ ಹೊಣೆಯನ್ನು ಈ ವ್ಯವಸ್ಥೆಯ ತಲೆಗೆ ಕಟ್ಟಬೇಡಿ. ನಿತ್ಯದ ನಿಗಾಕ್ಕೆ ಬೇರೆ ಮನೆಯನ್ನು ಗೊತ್ತುಮಾಡಿ, ‘ಜಾಗಟೆ ಕೇಳಿದರೆ ಮಾತ್ರ ಹೋಗುತ್ತೇನೆ’ ಎಂಬಷ್ಟು ಮಾತನ್ನು ಆ ದಾಯಾದಿಯಿಂದ ಪಡೆಯಿರಿ. ನನ್ನ ಅನುಭವದಲ್ಲಿ ಅಷ್ಟಕ್ಕೆ ಯಾರೂ ಇಲ್ಲವೆನ್ನುವುದಿಲ್ಲ. ಕೂಲಿಗಾಗಿ ಬಂದು ತೋಟದ ಬಿಡಾರದಲ್ಲಿ ಉಳಿದಿರುವ ಕುಟುಂಬಗಳನ್ನೂ ಜೋಡಿಯೊಳಗೆ ಸೇರಿಸಬೇಕು. ಅವರಿಗೆ ಇಲ್ಲಿ ಬಂಧುಗಳಿಲ್ಲ, ಎಷ್ಟೋ ಸಲ ಆಸ್ಪತ್ರೆಯ ದಾರಿಯೂ ತಿಳಿದಿರುವುದಿಲ್ಲ.

ಮೂರನೆಯ ಹಂತ: ಬೆಳಗಿನ ಗುರುತು

ಇಡೀ ವ್ಯವಸ್ಥೆಯ ಬೆನ್ನುಮೂಳೆ ಇದು. ಪ್ರತಿ ಮನೆಯವರೂ ಬೆಳಿಗ್ಗೆ ಎಂಟು ಗಂಟೆಯೊಳಗೆ ಜೋಡಿ ಮನೆಗೆ ಕಾಣುವಂತೆ ಒಂದು ಗುರುತು ಮಾಡಬೇಕು. ಗುರುತು ಯಾವುದಾಗಬೇಕು ಎಂಬುದನ್ನು ಆಯಾ ಮನೆಯವರೇ ಆರಿಸಿಕೊಳ್ಳಲಿ; ಆದರೆ ಅದು ಅವರು ಹೇಗೂ ಮಾಡುವ ಕೆಲಸಕ್ಕೆ ಅಂಟಿಕೊಂಡಿರಲಿ. ಬಚ್ಚಲೊಲೆಗೆ ಬೆಂಕಿ ಹಾಕುವ ಮನೆಗೆ ಹೊಗೆಯೇ ಗುರುತು. ಸೋಲಾರ್ ಅಥವಾ ಗ್ಯಾಸ್ ಗೀಸರ್ ಬಂದ ಮನೆಗಳಲ್ಲಿ ಆ ಹೊಗೆ ನಿಂತಿದೆ. ಅಲ್ಲಿ ಜಗಲಿಯ ದೀಪ ಆರಿಸುವುದು, ದಣಪೆಯ ಮೇಲೆ ಕೆಂಪು ವಸ್ತ್ರ ಹಾಕಿ ಸಂಜೆ ತೆಗೆಯುವುದು, ಇಲ್ಲವೇ ಒಂದು ಮಿಸ್ಡ್ ಕಾಲ್ ಕೊಡುವುದು ನಡೆಯುತ್ತದೆ. ಮಿಸ್ಡ್ ಕಾಲ್ ಒಂದನ್ನೇ ನೆಚ್ಚಿಕೊಳ್ಳಬಾರದು. ಕರೆಂಟು ಹೋಗಿ ಬ್ಯಾಟರಿ ಮುಗಿದ ಮೇಲೆ ಟವರ್ ಮಲಗುತ್ತದೆ, ಆಗ ಊರಿನ ಎಲ್ಲ ಮನೆಗಳ ಗುರುತೂ ಒಟ್ಟಿಗೇ ತಪ್ಪುತ್ತದೆ. ವಾಟ್ಸ್ಆ್ಯಪ್ ಗುಂಪನ್ನಂತೂ ಈ ಕೆಲಸಕ್ಕೆ ಬಳಸಲೇಬೇಡಿ. ಶುಭೋದಯದ ಹೂವಿನ ಚಿತ್ರಗಳ ನಡುವೆ ಯಾರ ಸಂದೇಶ ಬಂದಿಲ್ಲವೆಂದು ಹುಡುಕುವ ತಾಳ್ಮೆ ಯಾರಿಗೂ ಇರುವುದಿಲ್ಲ.

ವಯಸ್ಸಾದವರನ್ನು ಇದಕ್ಕೆ ಒಪ್ಪಿಸುವುದು ಸುಲಭವಲ್ಲ. ಆಸ್ಪತ್ರೆಯಿಂದ ಮರಳಿದ ಮೇಲಿನಮನೆ ಅಜ್ಜಿಯ ಬಳಿ ನಾನು ಹೋಗಿ, ‘ದಿನಾ ಬೆಳಿಗ್ಗೆ ನಿಮ್ಮನ್ನು ನೋಡಿಕೊಳ್ಳೋಕೆ ಒಂದು ವ್ಯವಸ್ಥೆ ಮಾಡಿದೀವಿ ಅಜ್ಜಿ’ ಎಂದೆ. ಅವರು ಎಲೆಯಡಿಕೆ ತಟ್ಟೆಯನ್ನು ಸರಕ್ಕನೆ ಪಕ್ಕಕ್ಕೆ ಸರಿಸಿ, ‘ನಾನೇನು ಕೊಟ್ಟಿಗೇಲಿ ಕಟ್ಟಿದ ದನವೇನೋ, ಬೆಳಗಾಗೆದ್ದು ಇದೆಯೋ ಇಲ್ವೋ ಅಂತ ನೋಡೋಕೆ?’ ಎಂದುಬಿಟ್ಟರು. ತಪ್ಪು ನನ್ನದೇ. ವಾರದ ನಂತರ ಕೆಳಗಿನಮನೆಯ ಸೊಸೆ ಹೋಗಿ ಬೇರೆ ರೀತಿ ಕೇಳಿದಳು: ‘ಅಜ್ಜಿ, ಇವರು ಅಡಿಕೆ ಕೊನೆಕೊಯ್ಲಿಗೆ ಅಂತ ವಾರಗಟ್ಟಲೆ ಹೋಗ್ತಾರೆ, ನಾನು ಮಕ್ಕಳ ಜೊತೆ ಒಬ್ಬಳೇ ಇರ್ತೀನಿ. ಬೆಳಿಗ್ಗೆ ನಮ್ಮನೆ ದೀಪ ಆರಿದೆಯಾ ಅಂತ ನೀವೊಂದು ಸಲ ನೋಡ್ತೀರಾ?’ ಅಜ್ಜಿ ಒಪ್ಪಿದ್ದಷ್ಟೇ ಅಲ್ಲ, ಮರುದಿನದಿಂದ ಆರೂವರೆಗೇ ಕಿಟಕಿಯ ಬಳಿ ಕೂರತೊಡಗಿದರು. ತಮ್ಮ ಕಡೆಯ ಗುರುತಾಗಿ ಕೆಂಪು ವಸ್ತ್ರವನ್ನು ತಾವೇ ಆರಿಸಿಕೊಂಡರು. ನಿಗಾ ಒಂದೇ ದಿಕ್ಕಿನಲ್ಲಿ ಹರಿದರೆ ಅದು ಉಪಕಾರವಾಗುತ್ತದೆ, ಮರ್ಯಾದಸ್ಥರಿಗೆ ಅದು ಚುಚ್ಚುತ್ತದೆ. ಆದ್ದರಿಂದ ಯಾವ ವೃದ್ಧರನ್ನೂ ನೋಡಿಸಿಕೊಳ್ಳುವವರನ್ನಾಗಿ ಮಾತ್ರ ಇಡದೆ ಅವರಿಗೂ ನೋಡಲು ಒಂದು ಮನೆ ಕೊಡಬೇಕು.

ಊರು ಬಿಟ್ಟು ಹೋಗುವವರು ಜೋಡಿ ಮನೆಗೆ ಹೇಳಿಯೇ ಹೋಗಬೇಕು. ಮದುವೆಗೆಂದು ಶಿವಮೊಗ್ಗಕ್ಕೆ ಹೋದವರು ಹೇಳಲು ಮರೆತರೆ ಮರುದಿನ ಬೆಳಿಗ್ಗೆ ಯಾರೋ ಹಳ್ಳ ದಾಟಿ ಅವರ ಬಾಗಿಲು ಬಡಿಯುತ್ತಾರೆ. ಹೀಗೆ ಎರಡು ಸಲ ಆದರೆ ಮೂರನೆಯ ಸಲ ಯಾರೂ ಹೋಗುವುದಿಲ್ಲ.

ನಾಲ್ಕನೆಯ ಹಂತ: ಗುರುತು ಕಾಣದಿದ್ದಾಗ

ಎಂಟು ಗಂಟೆಗೆ ಗುರುತು ಕಾಣದಿದ್ದರೆ ಮೊದಲು ಫೋನು, ನಂತರ ಕೂಗು. ಎಂಟೂವರೆಯೊಳಗೆ ಉತ್ತರವಿಲ್ಲದಿದ್ದರೆ ಹೋಗಿ ನೋಡಲೇಬೇಕು. ‘ಇನ್ನೊಂದು ತಾಸು ನೋಡೋಣ’ ಎಂಬ ಮಾತಿಗೆ ಇಲ್ಲಿ ಎಡೆಯಿಲ್ಲ. ಒಬ್ಬರೇ ಹೋಗದೆ ಇಬ್ಬರು ಹೋಗುವುದು ಉತ್ತಮ: ಒಬ್ಬರು ರೋಗಿಯ ಬಳಿ ಉಳಿದರೆ ಇನ್ನೊಬ್ಬರು ನೆಟ್‌ವರ್ಕ್ ಸಿಗುವ ಗುಡ್ಡಕ್ಕೆ ಓಡಬಹುದು. ಬೀಗದ ಇನ್ನೊಂದು ಕೀಲಿ ಜೋಡಿ ಮನೆಯಲ್ಲಿರಲಿ. ಅದನ್ನು ಕೊಡಲು ಮನಸ್ಸಿಲ್ಲದವರು, ಅಗುಳಿಯನ್ನು ಹೊರಗಿನಿಂದ ತೆಗೆಯಬಹುದಾದ ಹಿಂಬಾಗಿಲು ಯಾವುದು ಎಂಬುದನ್ನಾದರೂ ಒಬ್ಬರಿಗೆ ತಿಳಿಸಿರಬೇಕು.

ಬಿದ್ದವರನ್ನು ಕಂಡಕೂಡಲೇ ಎತ್ತಿ ಕೂರಿಸುವ ಆತುರ ಬೇಡ. ಮಾತನಾಡಿಸಿ, ನೋವೆಲ್ಲಿದೆ ಎಂದು ಕೇಳಿ, ಕಂಬಳಿ ಹೊದೆಸಿ. ಸೊಂಟ, ಕುತ್ತಿಗೆ, ಬೆನ್ನು ನೋಯುತ್ತಿದ್ದರೆ ಆಂಬುಲೆನ್ಸ್ ಸಿಬ್ಬಂದಿ ಬರುವವರೆಗೆ ಅಲುಗಿಸಬೇಡಿ. ಬಾಯಿ ಒಂದು ಕಡೆಗೆ ಸೊಟ್ಟಗಾಗಿದ್ದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲುತ್ತಿದ್ದರೆ ಅದು ಪಾರ್ಶ್ವವಾಯುವಿನ ಲಕ್ಷಣ. ಆಗ ಬಾಯಿಗೆ ನೀರನ್ನಾಗಲಿ ಕಾಫಿಯನ್ನಾಗಲಿ ಹಾಕಬಾರದು, ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂದು ಬರೆದುಕೊಳ್ಳಬೇಕು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿಕೊಂಡ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೇ ಸುಮಾರು 60 ಕಿಲೋಮೀಟರ್ ದಾರಿಯಿರುವಾಗ ಮನೆಯಲ್ಲಿ ಕಳೆದ ಅರ್ಧ ತಾಸೂ ದುಬಾರಿಯೇ.

ಆಂಬುಲೆನ್ಸಿಗೆ 108, ಪೊಲೀಸ್ ಮತ್ತು ಅಗ್ನಿಶಾಮಕ ಸೇರಿದಂತೆ ಯಾವುದೇ ತುರ್ತಿಗೆ 112. ಕರೆ ಮಾಡುವವರು ಊರಿನ ಹೆಸರಿನ ಜೊತೆ ಗ್ರಾಮ ಪಂಚಾಯಿತಿ, ತಾಲ್ಲೂಕು, ಹತ್ತಿರದ ಶಾಲೆ ಅಥವಾ ಬಸ್ ನಿಲ್ದಾಣದ ಹೆಸರನ್ನು ಹೇಳಬೇಕು; ಒಂದೇ ಹೆಸರಿನ ಊರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಮುಖ್ಯರಸ್ತೆಯ ತಿರುವಿನಲ್ಲಿ ಟಾರ್ಚ್ ಹಿಡಿದು ಒಬ್ಬರು ನಿಲ್ಲಲಿ.

ಐದನೆಯ ಹಂತ: ಮಳೆ ಹಿಡಿಯುವ ಮೊದಲು

ಮೇ ಕೊನೆಯ ವಾರ ಊರಿನವರೆಲ್ಲ ಅರ್ಧ ದಿನ ಕೂಡಿ ಕೆಲಸ ಮಾಡಬೇಕು. ಒಂಟಿಯಾಗಿರುವವರ ಮನೆಯ ಮಾಡಿನ ಮೇಲೆ ಚಾಚಿದ ಕೊಂಬೆ ಕಡಿಯುವುದು, ಹಂಚು ಕೈಯಾಡಿಸುವುದು, ಧರೆಯ (ಮನೆಯ ಹಿಂದಿನ ಕಡಿದ ಗುಡ್ಡದಂಚಿನ) ಮೇಲಿನ ನೀರು ಮನೆಯ ಹಿಂದೆ ಇಳಿಯದಂತೆ ಅಗಳು ಬಿಡಿಸುವುದು, ಕಾಲುಸಂಕದ ಗಳ ಬದಲಿಸಿ ಹಿಡಿಕೆಗೆ ಹಗ್ಗ ಕಟ್ಟುವುದು ಆ ದಿನದ ಕೆಲಸಗಳು. ಕಟ್ಟಿಗೆ ಒಳಗೆ ಬಂದಿದೆಯೇ ಎಂದೂ ನೋಡಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು ಕನಿಷ್ಠ ಒಂದು ತಿಂಗಳಿಗಾಗುವಷ್ಟು ಪ್ರತಿ ಮನೆಯಲ್ಲೂ ಇರಬೇಕು. ದಿನ ತುಂಬುತ್ತಿರುವ ಬಸುರಿಯನ್ನೂ ಡಯಾಲಿಸಿಸ್‌ಗೆ ಹೋಗಬೇಕಾದವರನ್ನೂ ಪುಷ್ಯ ಮಳೆಯವರೆಗೆ ಕಾಯದೆ ಪೇಟೆಯ ನೆಂಟರ ಮನೆಗೆ ಕಳಿಸುವುದೇ ಜಾಣತನ.

ಧರೆ ಕುಸಿಯುವ ಮೊದಲು ಬಹಳ ಸಲ ಸುಳಿವು ಸಿಗುತ್ತದೆ. ಅಂಗಳದಲ್ಲೋ ಗುಡ್ಡದ ಮೈಯಲ್ಲೋ ಹೊಸ ಬಿರುಕು, ಇಲ್ಲದ ಕಡೆ ಹೊಮ್ಮುವ ಜಲ, ತಿಳಿಯಾಗಿದ್ದ ಒರತೆ ಒಮ್ಮೆಲೇ ಕೆಂಪಾಗುವುದು, ನೆಟ್ಟಗಿದ್ದ ಮರವೋ ಕಂಬವೋ ವಾಲುವುದು, ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುವುದು ಇವುಗಳಲ್ಲಿ ಯಾವುದು ಕಂಡರೂ ಆ ರಾತ್ರಿ ಅಲ್ಲಿ ಮಲಗಬಾರದು. ಯಾವ ಮನೆಯವರು ಯಾರ ಮನೆಗೆ ಹೋಗಿ ಮಲಗಬೇಕು ಎಂಬುದನ್ನು ಬೇಸಿಗೆಯಲ್ಲೇ ಮಾತಾಡಿ ಪುಸ್ತಕದಲ್ಲಿ ಬರೆದಿಟ್ಟಿದ್ದರೆ ನಡುರಾತ್ರಿ ಸಂಕೋಚಕ್ಕೆ ಬಿದ್ದು ಕೂರುವ ಪ್ರಸಂಗ ಬರುವುದಿಲ್ಲ. ತುಂಡಾಗಿ ಬಿದ್ದ ವಿದ್ಯುತ್ ತಂತಿಯನ್ನು ಕಂಡರೆ ಎರಡೂ ಕಡೆಯಿಂದ ದಾರಿ ಕಟ್ಟಿ, ದನಗಳು ಹೋಗದಂತೆ ನೋಡಿಕೊಂಡು, ವಿದ್ಯುತ್ ಸಹಾಯವಾಣಿ 1912ಕ್ಕೆ ತಿಳಿಸಬೇಕು. ಕೋಲಿನಿಂದ ಸರಿಸುವ ಸಾಹಸ ಬೇಡ.

ಆರನೆಯ ಹಂತ: ತೋಟ, ಕಾಡು, ಹಾವು, ಮಂಗನ ಕಾಯಿಲೆ

ಒಬ್ಬರೇ ಮರ ಹತ್ತುವವರು, ಒಬ್ಬರೇ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವವರು ಯಾವ ತೋಟದಲ್ಲಿರುತ್ತೇನೆ, ಎಷ್ಟು ಹೊತ್ತಿಗೆ ಬರುತ್ತೇನೆ ಎಂದು ಮನೆಯಲ್ಲೋ ಜೋಡಿ ಮನೆಯಲ್ಲೋ ಹೇಳಿ ಹೋಗಬೇಕು. ಅಲ್ಯೂಮಿನಿಯಂ ದೋಟಿ (ಕೊಯ್ಲಿನ ಉದ್ದ ಗಳ) ಹಿಡಿದು ತಂತಿಯ ಬಳಿ ಕೆಲಸ ಮಾಡುವವರನ್ನು ಕಂಡರೆ ಯಾರ ಆಳೆಂದು ನೋಡದೆ ನಿಲ್ಲಿಸಿ. ಅಡಿಕೆ ತೋಟಗಳಲ್ಲಿ ಆ ಬಗೆಯ ಸಾವುಗಳಾಗಿವೆ.

ಹಾವು ಕಚ್ಚಿದಾಗ ನೆರೆಯವರು ಮಾಡಬೇಕಾದ ಕೆಲಸ ಒಂದೇ: ವಾಹನ ಹೊರಡಿಸುವುದು. ಗಾಯ ಕುಯ್ಯುವುದು, ಬಾಯಿಂದ ಹೀರುವುದು, ಬಿಗಿಯಾಗಿ ದಾರ ಕಟ್ಟುವುದು ಕೂಡದು. ಉಂಗುರ, ಬಳೆ ತೆಗೆದು, ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗದಂತೆ ಪಟ್ಟಿಗೆ ಕಟ್ಟಿ, ನಡೆಸದೆ ಹೊತ್ತುಕೊಂಡು ಹೋಗಬೇಕು. ನಮ್ಮ ದೇಶದಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕಾಗಿ ತಯಾರಾದದ್ದು. ಹಾವನ್ನು ಹಿಡಿಯಲೋ ಕೊಲ್ಲಲೋ ಹೋಗಿ ಹೊತ್ತು ಕಳೆಯಬೇಡಿ. ದೂರದಿಂದ ಫೋಟೊ ಸಿಕ್ಕರೆ ಸಾಕು, ಸಿಗದಿದ್ದರೂ ಅಡ್ಡಿಯಿಲ್ಲ. ನಾಟಿ ಔಷಧಿಯ ಮಾತನ್ನು ಹಿರಿಯರು ಎತ್ತಿಯೇ ಎತ್ತುತ್ತಾರೆ. ವಾದಕ್ಕಿಳಿಯದೆ, ‘ಆಸ್ಪತ್ರೆಗೆ ಹೋಗಿ ಬಂದ ಮೇಲೆ ಅದನ್ನೂ ನೋಡೋಣ’ ಎಂದು ಗಾಡಿ ಹೊರಡಿಸಿ.

ಮಂಗನ ಕಾಯಿಲೆ (ಕ್ಯಾಸನೂರು ಫಾರೆಸ್ಟ್ ಡಿಸೀಸ್) ನಮ್ಮ ಶಿವಮೊಗ್ಗ ಜಿಲ್ಲೆಯ ಕಾಡಿನದೇ ಹೆಸರು ಹೊತ್ತಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಅದನ್ನು ಮೊದಲು ಗುರುತಿಸಿದರು. 2018–19ರ ಋತುವಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಸಾವುಗಳು ಸಂಭವಿಸಿದವು. ಮುಖ್ಯವಾಗಿ ಡಿಸೆಂಬರ್‌ನಿಂದ ಮೇ ತನಕ ರಕ್ತ ಹೀರುವ ಸಣ್ಣ ಹುಳ ಉಣುಗಿನಿಂದ ಹರಡುವ ಈ ಜ್ವರ ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ಈ ಮಾತನ್ನು ಊರಿನಲ್ಲಿ ಮತ್ತೆ ಮತ್ತೆ ಹೇಳಬೇಕು. ಇಲ್ಲದಿದ್ದರೆ ಜ್ವರ ಬಂದ ಮನೆಯ ಕಡೆಗೆ ಹೋಗಲು ಜನ ಹೆದರುತ್ತಾರೆ. ಸೊಪ್ಪಿಗೆ, ದರಕಿಗೆ (ಒಣ ಎಲೆಗೆ) ಕಾಡಿಗೆ ಹೋಗುವವರು ಮೈ ಮುಚ್ಚುವ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಿಕೊಂಡು ಹೋಗಿ, ಬಂದ ಕೂಡಲೇ ಬಿಸಿನೀರಿನಲ್ಲಿ ಮಿಂದು ಬಟ್ಟೆ ನೆನೆಹಾಕಲಿ. ಸತ್ತ ಮಂಗ ಕಂಡರೆ ಮುಟ್ಟದೆ, ಮಕ್ಕಳನ್ನೂ ದನಗಳನ್ನೂ ಆ ಕಡೆ ಬಿಡದೆ, ಆಶಾ ಕಾರ್ಯಕರ್ತೆಗೋ ಪಂಚಾಯಿತಿಗೋ ಅದೇ ದಿನ ತಿಳಿಸಿ. ಕಾಡಿಗೆ ಹೋಗಿ ಬಂದವರಿಗೆ ಒಮ್ಮೆಲೇ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮನೆಯಲ್ಲೇ ಮಾತ್ರೆ ನುಂಗಿ ಮಲಗಲು ಬಿಡದೆ ಆಸ್ಪತ್ರೆಗೆ ಕರೆದೊಯ್ದು, ಕಾಡಿಗೆ ಹೋಗಿದ್ದ ದಿನವನ್ನು ವೈದ್ಯರಿಗೆ ಹೇಳಬೇಕು.

ಏಳನೆಯ ಹಂತ: ಕಳ್ಳರು, ಅಪರಿಚಿತರು, ಫೋನಿನ ಮೋಸ

ಅಡಿಕೆಗೆ ದರ ಬಂದ ವರ್ಷ ಅಂಗಳದಲ್ಲಿ ಒಣಗಿಸಿದ್ದೂ ಕಳುವಾಗುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ನಿಂತ ವಾಹನದ ನಂಬರು ಬರೆದುಕೊಂಡು 112ಕ್ಕೆ ತಿಳಿಸುವುದಷ್ಟೇ ನೆರೆಯವರ ಕೆಲಸ. ಅಪರಿಚಿತರನ್ನು ಸುತ್ತುವರಿದು ಕೈಮಾಡುವುದು ಅಪರಾಧ, ಎಷ್ಟೋ ಸಲ ಸಿಕ್ಕಿಬೀಳುವವರು ದಾರಿ ತಪ್ಪಿದ ಪಾಪದವರು. ಈಗ ಹೆಚ್ಚಿನ ಕಳ್ಳತನ ಫೋನಿನಲ್ಲಿ ಆಗುತ್ತದೆ. ‘ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಯಾರಿಗೂ ಹೇಳಬೇಡಿ’ ಎಂದು ಹೆದರಿಸುವ ಕರೆ ಬಂದರೆ ಮೊದಲು ಜೋಡಿ ಮನೆಗೆ ಹೇಳಬೇಕು ಎಂಬುದನ್ನೇ ನಿಯಮ ಮಾಡಿ, ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ.

ಎಂಟನೆಯ ಹಂತ: ನಡೆಸಿಕೊಂಡು ಹೋಗುವುದು

ಮೊದಲ ಮಳೆಗಾಲದಲ್ಲಿ ಎಲ್ಲರಿಗೂ ಉತ್ಸಾಹವಿರುತ್ತದೆ. ಎರಡನೆಯ ವರ್ಷ ವ್ಯವಸ್ಥೆ ಸಡಿಲವಾಗುತ್ತದೆ. ಅದನ್ನು ತಡೆಯಲು ನಾವು ಎರಡು ಕೆಲಸ ಮಾಡಿದೆವು. ಆರಿದ್ರಾ ಮಳೆಗೆ ಮೊದಲು, ಭೂಮಿ ಹುಣ್ಣಿಮೆಯ ಆಚೀಚೆ, ಯುಗಾದಿಯ ನಂತರ ಹೀಗೆ ವರ್ಷಕ್ಕೆ ಮೂರು ಸಲ ಪುಸ್ತಕವನ್ನು ಬಿಚ್ಚಿ ನಂಬರು, ಔಷಧಿ, ಊರಿಗೆ ಬಂದವರು ಹೋದವರು ಎಲ್ಲವನ್ನೂ ತಿದ್ದುತ್ತೇವೆ. ಎರಡನೆಯದು ಹಣದ್ದು. ಯಾವಾಗಲೂ ಒಂದೇ ಜೀಪು ಓಡಿದರೆ ಅದರ ಯಜಮಾನ ಬಾಯಿಬಿಟ್ಟು ಹೇಳದಿದ್ದರೂ ಬೇಸರಿಸಿಕೊಳ್ಳುತ್ತಾನೆ. ಅದಕ್ಕೆಂದು ಮನೆಗೆ ವರ್ಷಕ್ಕೆ 500 ರೂಪಾಯಿಯಂತೆ ಕೂಡಿಸಿ, ಡೀಸೆಲ್ ಖರ್ಚನ್ನು ಕೇಳುವ ಮೊದಲೇ ಕೊಡುತ್ತೇವೆ. ಬೆಂಗಳೂರಿನಲ್ಲಿರುವ ಮಕ್ಕಳು ಇದಕ್ಕಿಂತ ಹೆಚ್ಚು ಕಳಿಸಲು ಮುಂದೆ ಬರುತ್ತಾರೆ, ತೆಗೆದುಕೊಳ್ಳಿ. ಆದರೆ ಹಣ ಕಳಿಸಿದ್ದೇ ತಮ್ಮ ಹೊಣೆ ತೀರಿತೆಂದು ಅವರು ತಿಳಿಯದಂತೆ ತಿಂಗಳಿಗೊಮ್ಮೆ ಜೋಡಿ ಮನೆಯವರಿಗೂ ಫೋನು ಮಾಡುವ ಮಾತು ಪಡೆಯಿರಿ.

ನೆರೆಯವರ ಕೈಯಲ್ಲಿ ಆಗದ್ದೂ ಇರುತ್ತದೆ. ಹಾಸಿಗೆ ಹಿಡಿದವರ ನಿತ್ಯದ ಆರೈಕೆ, ಮರೆವಿನ ಕಾಯಿಲೆಯವರ ಹಗಲಿರುಳಿನ ಕಾವಲು, ಮನೆಯವರೇ ಮುದುಕರನ್ನು ಹಿಂಸಿಸುತ್ತಿರುವ ಪ್ರಕರಣ ಇವು ಬೆಳಗಿನ ಗುರುತಿಗೆ ನಿಲುಕುವಂಥವಲ್ಲ. ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ ಸಲಹೆ ಕೇಳಬಹುದು. ಹಿಂಸೆ ನಡೆಯುತ್ತಿರುವಾಗಲೇ ತಿಳಿದರೆ 112.

ಪುಸ್ತಕವನ್ನು ವರ್ಷಕ್ಕೊಂದು ಮನೆಯಂತೆ ಸರದಿಯಲ್ಲಿ ಇಡಿ, ಅದು ಎಲ್ಲಿದೆ ಎಂಬುದು ಎಲ್ಲರಿಗೂ ತಿಳಿದಿರಲಿ. ಈ ವರ್ಷ ನಮ್ಮೂರಿನ ಪುಸ್ತಕ ಮೇಲಿನಮನೆಯಲ್ಲಿದೆ. ಅಕ್ಷರ ಕಾಣುವುದಿಲ್ಲವೆಂದು ಅಜ್ಜಿ ಕೆಳಗಿನಮನೆಯ ಮಗುವಿನ ಕೈಯಲ್ಲಿ ಬರೆಸುತ್ತಾರೆ. ಕಳೆದ ವಾರ ನಾನು ತಡವಾಗಿ ಎದ್ದು ಜಗಲಿಯ ದೀಪ ಆರಿಸುವಾಗ ಎಂಟೂಕಾಲಾಗಿತ್ತು. ಅಷ್ಟರಲ್ಲಿ ಗುಡ್ಡದ ಮೇಲಿನಿಂದ ಜಾಗಟೆಯ ಮೊದಲ ಪೆಟ್ಟು ಕೇಳಿಸಿತು.